ಬಚ್ಚಲ ಒಲೆಯ ಮುಂದೆ ಕೂರಿಸುವ ಗೇಮ್

ದೃಶ್ಯಕಲೆಯ ಸ್ನಾತಕೋತ್ತರ ಪದವಿ ಎಂವಿಎ, ಅದರ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಡಿಯೊ ಗೇಮ್ ಮಾಡುತ್ತೇನೆ ಎಂದಾಗ ಎಲ್ಲರೂ ಮೊದಲು ಕೇಳಿದ್ದು, "ಅದರಲ್ಲಿ ಗೆಲ್ಲೋದು ಹೇಗೆ?" ಎಂದು. ಗೆಲ್ಲುವುದಕ್ಕೆ ಅದರಲ್ಲಿ ಏನೂ ಇಲ್ಲ. ಮಳೆಗಾಲದ ಸಂಜೆ, ಮಲೆನಾಡಿನ ಒಂದು ಮನೆಯ ಬಚ್ಚಲು. ಗೋಡೆಗೆ ಒತ್ತಿ ಕಟ್ಟಿದ ಮಣ್ಣಿನ ಒಲೆ, ಅದರ ಮೇಲೆ ಕತ್ತಿನವರೆಗೆ ಹೂತು ಕೂರಿಸಿದ ತಾಮ್ರದ ಹಂಡೆ, ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆ, ಪಕ್ಕದಲ್ಲಿ ಸೌದೆ. ಆಡುವವರು ಬೆಂಕಿ ನೋಡಿಕೊಳ್ಳಬೇಕು, ಅಷ್ಟೆ. ನೀರು ಕಾಯುತ್ತದೆ. ತೋಟದಿಂದ, ಗದ್ದೆಯಿಂದ, ಪೇಟೆಯಿಂದ ಒಬ್ಬೊಬ್ಬರೇ ನೆನೆದು ಬರುತ್ತಾರೆ, ಮೀಯುತ್ತಾರೆ, ಊಟಕ್ಕೆ ಹೋಗುತ್ತಾರೆ. ಒಂದು ಸಂಜೆ ಸುಮಾರು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಮನಸ್ಸಿಗೆ ಹಿತ ಕೊಡುವುದೇ ಗುರಿಯಾದ ಇಂಥ ಆಟಗಳಿಗೆ 'ಕೋಝಿ ಗೇಮ್' ಎಂಬ ಹೆಸರು ನಿಂತುಬಿಟ್ಟಿದೆ. 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿಯ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಎರಿಕ್ ಬರೋನ್ ಒಬ್ಬರೇ ವರ್ಷಗಟ್ಟಲೆ ಕೂತು ಮಾಡಿದ್ದು. 2020ರ ಮಾರ್ಚ್‌ನಲ್ಲಿ, ಊರೂರು ಬಾಗಿಲು ಹಾಕಿಕೊಳ್ಳುತ್ತಿದ್ದ ಹೊತ್ತಿಗೆ ಸರಿಯಾಗಿ, ನಿಂಟೆಂಡೊದ ಅನಿಮಲ್ ಕ್ರಾಸಿಂಗ್‌ನ ಹೊಸ ಆವೃತ್ತಿ ಬಂತು. ಜನ ಅದರ ದ್ವೀಪದಲ್ಲೇ ಹುಟ್ಟುಹಬ್ಬ ಮಾಡಿಕೊಂಡರು, ಅಲ್ಲೇ ಮದುವೆಯನ್ನೂ ಆದರು. ಇವೆಲ್ಲ ನನಗೆ ಇಷ್ಟವೇ. ಆದರೆ ಈ ಜಾತಿಯ ಬಹುಪಾಲು ಆಟಗಳಲ್ಲಿ ಬೆಚ್ಚಗಿರುವುದೆಂದರೆ ಹೊರಗೆ ಹಿಮ, ಒಳಗೆ ಅಗ್ಗಿಷ್ಟಿಕೆ, ಕೈಯಲ್ಲಿ ಕೋಕೋ. ನನ್ನ ಮೈಗೆ ಗೊತ್ತಿರುವ ಬೆಚ್ಚಗೆ ಅದಲ್ಲ. ಅದು ಆಷಾಢದಲ್ಲಿ ಶಾಲೆಯಿಂದ ತೊಯ್ದು ಬಂದು, ಪಾಟಿಚೀಲ ಬಿಸಾಕಿ, ಬಚ್ಚಲ ಒಲೆಯ ಬಾಯಿಗೆ ಅಂಗಾಲು ಚಾಚಿ ಕೂತಾಗಿನದು. 2023ರಲ್ಲಿ ಟೊರೊಂಟೊದ ಒಂದು ಸಣ್ಣ ತಂಡ ವೆಂಬಾ ಎಂಬ ಗೇಮ್ ತಂದಿತು. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಅವರ ಅಡುಗೆಮನೆ, ಇಡ್ಲಿ ಪಾತ್ರೆ, ಅಳಿಸಿಹೋದ ಅಕ್ಷರಗಳ ಅಡುಗೆ ಪುಸ್ತಕ. ಮರುವರ್ಷ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಕೂಡ ಬಂತು. ಇಡ್ಲಿ ಪಾತ್ರೆ ಗೇಮ್ ಆಗಬಹುದಾದರೆ ಹಂಡೆಯೂ ಆಗಬಹುದು ಎಂಬ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ನಮ್ಮ ಮನೆ ಶಿರಸಿಯ ಕಡೆ. ಓದು ಬೆಂಗಳೂರಿನಲ್ಲಿ, ವಾಸ ಪಿಜಿಯಲ್ಲಿ. ಆ ವರ್ಷ ನನಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ. ಕಾರಣ ಇಲ್ಲಿ ಬೇಡ. ರಾತ್ರಿ ಹೊರಳಾಡುವಾಗ ಮನಸ್ಸು ತಾನಾಗಿ ಹೋಗಿ ಕೂರುತ್ತಿದ್ದ ಜಾಗ ಆ ಬಚ್ಚಲು. ಹಾಗಾಗಿ ಅದನ್ನೇ ಕಟ್ಟಿದೆ.

ಕಟ್ಟಿದ್ದು ಗೊಡೊ ಎಂಬ, ಗೇಮ್ ಮಾಡುವ ಎಂಜಿನ್‌ನಲ್ಲಿ. ಅದು ಉಚಿತ, ಅದರ ಕೋಡ್ ಮುಕ್ತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬೆಂಕಿ ಮಾಡಲು ಅದರಲ್ಲಿ ಸಿದ್ಧ ದಾರಿಯೊಂದಿದೆ: ನೂರಾರು ಸಣ್ಣ ಕಣಗಳನ್ನು ಕೆಳಗಿನಿಂದ ಮೇಲಕ್ಕೆ ಹಾರಿಸಿ, ಹಳದಿಯಿಂದ ಕೆಂಪಿಗೆ ಬಣ್ಣ ಬದಲಿಸಿ, ಕೊನೆಗೆ ಕರಗಿಸುವುದು. ಅರ್ಧ ಗಂಟೆಯಲ್ಲಿ ಬೆಂಕಿ ಸಿದ್ಧ. ನೋಡಲು ಚೆನ್ನಾಗಿಯೇ ಇತ್ತು, ಆದರೆ ಅದು ಯಾವ ಮನೆಯ ಬೆಂಕಿಯೂ ಆಗಿರಲಿಲ್ಲ. ಊರಿಗೆ ಹೋದಾಗ ಒಲೆಯೊಳಗಿನ ಇದ್ದಿಲನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಬಂದೆ. ಆ ಇದ್ದಿಲಿನಿಂದಲೇ ಕಾಗದದ ಮೇಲೆ ಜ್ವಾಲೆಗಳನ್ನು ಬರೆದೆ, ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ. ಸ್ಕ್ಯಾನ್ ಮಾಡಿ ಬಣ್ಣ ಮಾತ್ರ ಕಂಪ್ಯೂಟರಿನಲ್ಲಿ ಹಾಕಿದೆ. ತಾನು ಸುಟ್ಟು ಬಿಟ್ಟ ಇದ್ದಿಲಿನಿಂದಲೇ ಬೆಂಕಿ ಮತ್ತೆ ಬರೆಸಿಕೊಂಡಿದೆ ಎಂಬುದು ಆಡುವವರಿಗೆ ಗೊತ್ತಾಗಲಿಕ್ಕಿಲ್ಲ. ಬರೆಯುವ ಕೈಗೆ ಗೊತ್ತಿತ್ತು.

ಜ್ವಾಲೆಗಿಂತ ಬೆಳಕು ಕಷ್ಟ. ಒಲೆಯ ಮುಂದೆ ಕೂತವರು ನೋಡುವುದು ಬೆಂಕಿಯನ್ನಷ್ಟೇ ಅಲ್ಲ, ಹಂಡೆಯ ಕತ್ತಿನ ಮೇಲೆ, ಎದುರಿನ ಗೋಡೆಯ ಮೇಲೆ, ಪಕ್ಕದಲ್ಲಿ ಕೂತವರ ಮುಖದ ಮೇಲೆ ಅದರ ಬೆಳಕು ಆಡುವುದನ್ನು. ಕಂಪ್ಯೂಟರಿಗೆ 'ಬೆಳಕನ್ನು ಅಡ್ಡಾದಿಡ್ಡಿ ಹೆಚ್ಚುಕಡಿಮೆ ಮಾಡು' ಎಂದರೆ ಅದು ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಮಾಡುತ್ತದೆ, ಯಾಕೆಂದರೆ ಒಂದು ಕ್ಷಣದ ಅಂಕಿಗೂ ಮುಂದಿನ ಕ್ಷಣದ ಅಂಕಿಗೂ ಸಂಬಂಧವೇ ಇರುವುದಿಲ್ಲ. 1980ರ ದಶಕದಲ್ಲಿ ಕೆನ್ ಪರ್ಲಿನ್ ಎಂಬವರು ಇದಕ್ಕೊಂದು ಉಪಾಯ ಕಂಡುಕೊಂಡರು. ಅಕ್ಕಪಕ್ಕದ ಅಂಕಿಗಳು ಒಂದಕ್ಕೊಂದು ಹೊಂದಿಕೊಂಡೇ ಏರಿಳಿಯುವ, ಆದರೆ ಮುಂದೇನೆಂದು ಹೇಳಲಾಗದ ಗಣಿತ ಅದು. ಸಿನಿಮಾದ ಹೊಗೆ, ಮೋಡ, ಅಮೃತಶಿಲೆಯ ಗೆರೆಗಳೆಲ್ಲ ಅದರಿಂದ ಹುಟ್ಟಿದವು, 1997ರಲ್ಲಿ ಪರ್ಲಿನ್‌ಗೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಸಿಕ್ಕಿತು. ಅದನ್ನು ಬೆಳಕಿಗೆ ಜೋಡಿಸಿ, ಎರಡು ಪದರಗಳಲ್ಲಿ ಓಡಿಸಿದೆ, ಒಂದು ನಿಧಾನ, ಒಂದು ಚುರುಕು. ಗೋಡೆ ಉಸಿರಾಡಲು ಶುರುಮಾಡಿತು. ಆ ರಾತ್ರಿ ಬೇರೇನೂ ಕೆಲಸ ಮಾಡದೆ ಅದನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ಸೌದೆ. ಬಚ್ಚಲ ಒಲೆಗೆ ಒಳ್ಳೆಯ ಕಟ್ಟಿಗೆ ಹಾಕುವವರಿಲ್ಲ. ಅಡುಗೆ ಒಲೆಗೆ ಆಗದ್ದೆಲ್ಲ ಅದಕ್ಕೆ. ಅಡಿಕೆ ಹಾಳೆ ಭಗ್ಗೆಂದು ಹತ್ತಿ ಎರಡೇ ನಿಮಿಷದಲ್ಲಿ ಬೂದಿ. ಸೋಗೆಯೂ ಹಾಗೆಯೇ, ಚಟಪಟ ಜಾಸ್ತಿ. ತೆಂಗಿನ ಗರಟದ ಜ್ವಾಲೆ ಎತ್ತರ, ಕಾವು ಜೋರು. ಅಡಿಕೆ ಸಿಪ್ಪೆ ಹತ್ತುವುದೇ ಇಲ್ಲ, ಒಳಗೊಳಗೇ ಕುದಿದು ಹೊಗೆಯಾಡುತ್ತದೆ, ಆದರೆ ಒಮ್ಮೆ ಹಿಡಿದರೆ ಬೆಳಗಿನವರೆಗೆ ಬಿಡುವುದಿಲ್ಲ. ಹಸಿ ಕುಂಟೆಯ, ಅಂದರೆ ಮರದ ತುಂಡಿನ, ತುದಿಯಲ್ಲಿ ನೊರೆ ಬರುತ್ತದೆ, ಸುಂಯ್ ಎಂದು ಶಬ್ದ ಮಾಡುತ್ತದೆ. ಇವೆಲ್ಲಕ್ಕೂ ಹತ್ತುವ ವೇಗ, ಕಾವು, ಹೊಗೆ, ಬಾಳಿಕೆ ಎಂದು ನಾಲ್ಕು ಅಂಕಿ ಕೊಟ್ಟು ಪಟ್ಟಿ ಮಾಡಿದೆ. ಆ ಪಟ್ಟಿಯನ್ನು ಫೋನಿನಲ್ಲಿ ಅಜ್ಜಿಗೆ ಓದಿ ಹೇಳಿದಾಗ ಗರಟದ ಬಾಳಿಕೆಯನ್ನು ಅವಳು ತಿದ್ದಿಸಿದಳು.

ಅಜ್ಜಿಯ ಕೈಗೆ ಲ್ಯಾಪ್‌ಟಾಪ್ ಕೊಟ್ಟದ್ದು ಆ ಬೇಸಿಗೆಯಲ್ಲಿ. ಜಗಲಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ನಾನು ತೋರಿಸಿದಂತೆ ಬೆರಳಿಟ್ಟು ಒಂದು ಕುಂಟೆ ಎಳೆದು ಒಲೆಗೆ ಹಾಕಿದಳು. ಇನ್ನೊಂದು ಹಾಕಿದಳು. ನೀರು ಕಾಯಿತು. ಆಮೇಲೆ ಸೌದೆಯ ರಾಶಿಯನ್ನು ನೋಡುತ್ತ, "ಆಷಾಢದಲ್ಲಿ ಇಷ್ಟು ಒಣಾ ಕಟ್ಟಿಗೆ ಎಲ್ಲಿಂದ ಬಂತೆ ತಂಗಿ?" ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಮುಂದಿನ ಪ್ರಶ್ನೆ: "ನಾಳೆಗೆ ಎಂತ ಇಟ್ಟಿದ್ದೆ?"

ಮಲೆನಾಡಿನ ಮಳೆಗಾಲದಲ್ಲಿ ಒಣ ಕಟ್ಟಿಗೆ ತಾನಾಗಿ ಇರುವುದಿಲ್ಲ. ಇವತ್ತಿನ ಬೆಂಕಿಯ ಕಾವಿಗೆ ನಾಳೆಯ ಕಟ್ಟಿಗೆಯನ್ನು ಒರಗಿಸಿಟ್ಟರೆ ಮಾತ್ರ ನಾಳೆ ಒಲೆ ಹತ್ತುತ್ತದೆ. ಒಲೆಯ ದಂಡೆಯ ಮೇಲೆ, ಹಂಡೆಯ ಹಿಂದಿನ ಸಂದಿಯಲ್ಲಿ, ಅಟ್ಟದ ಮೇಲೆ ಎಲ್ಲ ಕಡೆ ನಾಳೆಯ ಸೌದೆ. ಈ ಕೆಲಸವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಮಿಂದು ಹೋಗುವವರು ಒಂದೆರಡು ಕಟ್ಟಿಗೆ ಎತ್ತಿ ಒರಗಿಸಿ ಹೋಗುತ್ತಾರೆ. ಅಜ್ಜಿಯ ಆ ಪ್ರಶ್ನೆಯಿಂದ ಆಟಕ್ಕೊಂದು ನಾಳೆ ಬಂತು. ಈಗ ಸೌದೆಯೆಲ್ಲ ಹಸಿಯಾಗಿಯೇ ಬರುತ್ತದೆ. ಬೆಂಕಿ ಉರಿಯುತ್ತಿರುವಾಗ ದಂಡೆಗೆ ಒರಗಿಸಿದ್ದು ಮರುದಿನದ ಆಟದಲ್ಲಿ ಒಣಗಿರುತ್ತದೆ.

ಬೆಂಕಿ ಆರಿದರೆ ಏನಾಗಬೇಕು ಎಂಬುದು ನಾನು ಅತಿ ಹೆಚ್ಚು ಯೋಚಿಸಿದ ವಿಷಯ. ಹಿತ ಕೊಡುವ ಆಟದಲ್ಲಿ ಏನೂ ಕೆಡಬಾರದು ಎಂಬುದು ಸಾಮಾನ್ಯ ನಂಬಿಕೆ. ಬೆಂಕಿ ಆರದೇ ಇರುವ ರೂಪವನ್ನೂ ಮಾಡಿ ಗೆಳೆಯರಿಗೆ ಕೊಟ್ಟೆ. ಚಂದ ಇದೆ ಎಂದರು, ಮೂರು ನಿಮಿಷಕ್ಕೆ ಕೈಬಿಟ್ಟರು. ತಮ್ಮ ಅಗತ್ಯವೇ ಇಲ್ಲದ ಕಡೆ ಜನ ಕೂರುವುದಿಲ್ಲ. ಬೆಂಕಿ ಆರಿದರೆ ಸಂಜೆಯೇ ಮುಗಿಯುವ ಇನ್ನೊಂದು ರೂಪದಲ್ಲಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಹಲ್ಲು ಕಚ್ಚಿಕೊಂಡು ಆಡಿದರು. ಅದು ನನಗೆ ಬೇಕಾದ್ದಾಗಿರಲಿಲ್ಲ. ಉತ್ತರ ಮನೆಯ ರೂಢಿಯಲ್ಲೇ ಇತ್ತು. ರಾತ್ರಿ ಮಲಗುವ ಮುಂಚೆ ಒಂದು ಗಟ್ಟಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಿಗ್ಗೆ ಕೆದಕಿ, ಹಾಳೆಯ ಚೂರಿಟ್ಟು ಊದಿ ಹತ್ತಿಸುವುದು. ಆಟದಲ್ಲೂ ಹಾಗೇ ಮಾಡಿದೆ. ಮರೆತರೆ ಜ್ವಾಲೆ ಆರುತ್ತದೆ, ಬಚ್ಚಲು ಕತ್ತಲಾಗುತ್ತದೆ, ನೀರು ತಣ್ಣಗಾಗುತ್ತದೆ, ಮೀಯಲು ಬಂದವರು ಉಗುರುಬೆಚ್ಚಗಿನ ನೀರಲ್ಲೇ ಮಿಂದು ಹೋಗುತ್ತಾರೆ. ಆದರೆ ಬೂದಿಯಡಿಯ ಕೆಂಡ ಎಂದೂ ಸಾಯುವುದಿಲ್ಲ. ಒಂದು ವಾರ ಬಿಟ್ಟು ಬಂದರೂ ಕೆದಕಿದರೆ ಸಿಗುತ್ತದೆ. ಬಿಟ್ಟುಹೋದದ್ದಕ್ಕೆ ದಂಡವಿಲ್ಲ. ಫೋನಿನ ಎಷ್ಟೋ ಆಟಗಳು 'ಇವತ್ತು ಬರದಿದ್ದರೆ ಕಳೆದುಕೊಳ್ಳುತ್ತೀರಿ' ಎಂದು ದಿನವೂ ಹೆದರಿಸಿ ಕರೆಯುತ್ತವೆ. ಅಂಥದ್ದನ್ನು ಹಿತವಾದ ಆಟ ಎಂದು ಮಾರುವುದು ನನಗೆ ಸಿಟ್ಟು ತರಿಸುತ್ತದೆ. ಸುಸ್ತಾದವರ ಮೇಲೆ ಇನ್ನೊಂದು ಬಾಕಿ ಹೊರಿಸಿ ಸಮಾಧಾನ ಕೊಡಲು ಆಗುವುದಿಲ್ಲ.

ಪಿಜಿಯಲ್ಲಿ ನನ್ನ ರೂಮಿನವಳು ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವ ಮುಂಚೆ ಆಡುತ್ತಿದ್ದಳು. ಕೆಂಡದಲ್ಲಿ ಹಲಸಿನ ಬೇಳೆ ಸುಡುವ ಒಂದು ಸಣ್ಣ ಅಂಶ ಅದರಲ್ಲಿದೆ. ಬೇಳೆಯ ಸಿಪ್ಪೆಯನ್ನು ತುಸು ಕೀಸಿ ಹಾಕಬೇಕು, ಇಲ್ಲದಿದ್ದರೆ ಪಟ್ಟೆಂದು ಸಿಡಿದು ಬೂದಿ ಹಾರಿಸುತ್ತದೆ. ಅವಳು ನೀರು ಕಾಯಿಸುವ ಗೋಜಿಗೇ ಹೋಗಲಿಲ್ಲ. ಬೇಳೆ ಕೀಸುವುದು, ಕೆಂಡದ ಅಂಚಿಗೆ ಸರಿಸುವುದು, ಮಗುಚುವುದು, ತೆಗೆಯುವುದು. ಒಂದು ದಿನ ಹೇಳಿದಳು, "ವಾರ್ಡಲ್ಲಿ ಏನೇ ಮಾಡಿದ್ರೂ ಯಾರಿಗೋ ಸಾಕಾಗಲ್ಲ. ಇದು ಬೇಯುತ್ತೆ, ಮುಗಿಯುತ್ತೆ." ಅವಳ ಮಾತಿನ ಮೇಲೆ ಸುಟ್ಟ ಬೇಳೆಗಳಿಗೆ ಒಂದು ಬಟ್ಟಲು ಬರೆದೆ. ಯಾರೇ ಮಿಂದು ಹೊರಡುವಾಗ ಆ ಬಟ್ಟಲಿನಿಂದ ಒಂದು ಬೇಳೆ ಎತ್ತಿಕೊಂಡು ಹೋಗುತ್ತಾರೆ.

ಆಯಿಗೆ, ಅಂದರೆ ಅಮ್ಮನಿಗೆ, ಆಟ ತೋರಿಸಿದಾಗ ಮಾತ್ರ ಬೇರೆಯದೇ ಮಾತು ಬಂತು. ಕೊನೆಯವರೆಗೆ ನೋಡಿ, "ನೀ ಚಂದ ಕಾಣ್ತು ಹೇಳಿ ಮಾಡಿದ್ದೆ. ಹೊಗೆ ಕುಡದವು ಯಂಗ" ಎಂದಳು, ಹೊಗೆ ಕುಡಿದವರು ನಾವು ಎಂದು. ಹೇಳಿ ಒಳಗೆ ಹೋದಳು. ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಮನೆಯೊಳಗಿನ ಒಲೆ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳ ತಂತ್ರಜ್ಞಾನಕ್ಕೆಂದು ಹುಟ್ಟುಹಾಕಿದ ಅಸ್ತ್ರ ಕೇಂದ್ರದಿಂದ ಹೊಗೆ ಕೊಳವೆಯ ಒಲೆ ಬಂದು ನಮ್ಮ ಕಡೆಯ ಅಡುಗೆಮನೆಗಳ ಗೋಡೆ ಬೆಳ್ಳಗಾದದ್ದನ್ನು ಆಯಿ ಇವತ್ತಿಗೂ ಹೇಳುತ್ತಾಳೆ. ಅವಳ ಪಾಲಿಗೆ ನೆಮ್ಮದಿಯೆಂದರೆ ಹೊಗೆ ಹೋಗಿದ್ದು. ಒಲೆಯ ಮುಂದೆ ಕೂತ ಸುಖ ನನ್ನದು, ಆ ಒಲೆ ಹತ್ತಿಸಿದ ಕಣ್ಣುರಿ ಅವಳದು. ಈ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಬರೆದರೆ ಅದು ಕ್ಯಾಲೆಂಡರ್ ಚಿತ್ರ.

ಹೊಗೆಯನ್ನು ಆಟದೊಳಗೆ ತಂದೆ. ಹಸಿ ಕುಂಟೆ ಹಾಕಿದರೆ ಪರದೆ ಮಂಜಾಗುತ್ತದೆ, ಕೆಮ್ಮು ಕೇಳುತ್ತದೆ, ಗವಾಕ್ಷಿ ತೆರೆಯಬೇಕು, ತೆರೆದರೆ ಇರಚಲು ಒಳಗೆ ಬರುತ್ತದೆ. ಒಲೆ ನೋಡಿಕೊಳ್ಳುವವರ ಮುಖ ಆಟದಲ್ಲಿ ಕಾಣುವುದಿಲ್ಲ, ಬರೀ ಎರಡು ಕೈ. ಮೊದಲು ಬಳೆ ಇದ್ದವು, ತೆಗೆದೆ. ಇನ್ನೊಂದು ನಿಯಮವನ್ನೂ ಸೇರಿಸಿದೆ: ಮಿಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಅಪ್ಪನೇ ಇರಲಿ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೇ ಇರಲಿ, ಪರೀಕ್ಷೆಗೆ ಓದುವ ಮಾಣಿಯೇ ಇರಲಿ, ಮುಂದಿನವರಿಗೆ ಸೌದೆ ತಂದಿಟ್ಟೇ ಹೋಗುತ್ತಾರೆ. ಒಂದು ಸಂಜೆ ಅಪ್ಪ ಬರುತ್ತಾನೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಬಂದವನು. ಮೈಲುತುತ್ತಿನ ನೀಲಿ ಅಂಗಿಯ ಮೇಲೆಲ್ಲ. ಅವನು ಮಿಂದ ಮೇಲೆ ಮೂಲೆಯಿಂದ ಗರಟದ ಚೀಲ ಎಳೆದು ತಂದು ದಂಡೆಯ ಪಕ್ಕ ಇಡುತ್ತಾನೆ. ಇದನ್ನು ಆಯಿಗೆ ಮತ್ತೆ ತೋರಿಸಿದೆ. "ಇದು ಅಡ್ಡಿಲ್ಲೆ" ಎಂದಳು.

ಮಳೆಗೆ ಹೆಸರು ಕೊಟ್ಟದ್ದು ಸಹಜವಾಗಿಯೇ ಆಯಿತು. ಆಟದಲ್ಲಿ ಒಂದನೇ ಹಂತ, ಎರಡನೇ ಹಂತ ಎಂದಿಲ್ಲ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆ ನಕ್ಷತ್ರಗಳೇ ಅಧ್ಯಾಯಗಳು. ಜೂನ್ ಎರಡನೇ ವಾರದ ಮೃಗಶಿರಾದಲ್ಲಿ ಗುಡುಗು ಇದೆ, ಮಣ್ಣು ಇನ್ನೂ ಬಿಸಿಯಿದೆ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎನ್ನುವ ಆರಿದ್ರಾದಲ್ಲಿ ಮಳೆ ಒಂದೇ ಹದಕ್ಕೆ ನಿಂತುಬಿಡುತ್ತದೆ. ಪುಷ್ಯದ ಹೊತ್ತಿಗೆ ಹಗಲಿಗೂ ಸಂಜೆಗೂ ವ್ಯತ್ಯಾಸ ಉಳಿಯುವುದಿಲ್ಲ, ಹಗ್ಗದ ಮೇಲಿನ ಬಟ್ಟೆಗೆ ಮುಗ್ಗಲು ವಾಸನೆ. ಚಿತ್ರಕ್ಕಿಂತ ಹೆಚ್ಚಾಗಿ ಇವನ್ನು ಶಬ್ದದಲ್ಲೇ ಬೇರೆ ಮಾಡಬೇಕಿತ್ತು.

ಶಬ್ದಕ್ಕೆ ಪಟ್ಟ ಶ್ರಮ ನನಗೆ ಬಹಳ ಸಂತೋಷ ಕೊಟ್ಟಿತು. ಬೆಂಕಿಯನ್ನು ಪರದೆಯ ಮೇಲೆ ತೋರಿಸುವುದು ಹೊಸದಲ್ಲ. ನ್ಯೂಯಾರ್ಕಿನ ಒಂದು ಟಿವಿ ಕೇಂದ್ರ 1966ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಉರಿಯುವ ಅಗ್ಗಿಷ್ಟಿಕೆಯನ್ನೇ ಗಂಟೆಗಟ್ಟಲೆ ತೋರಿಸಿತ್ತು. ನಾರ್ವೆಯ ಸರ್ಕಾರಿ ಟಿವಿ 2013ರಲ್ಲಿ ಸೌದೆಯ ಮೇಲೆ 12 ಗಂಟೆಯ ಕಾರ್ಯಕ್ರಮ ಮಾಡಿತು, ಅದರಲ್ಲಿ 8 ಗಂಟೆ ಬರೀ ಬೆಂಕಿ. ಸೌದೆ ಒಟ್ಟುವಾಗ ತೊಗಟೆ ಮೇಲೆ ಬರಬೇಕೋ ಕೆಳಗೋ ಎಂದು ನೋಡುಗರು ಜಗಳವಾಡಿದ್ದು ಓದಿ ಅಜ್ಜಿಗೆ ಹೇಳಿದೆ. ಅವಳಿಗೂ ಅದರ ಬಗ್ಗೆ ಖಚಿತ ಅಭಿಪ್ರಾಯವಿತ್ತು. ಆದರೆ ನನ್ನ ಕೆಲಸಕ್ಕೆ ಹೆಚ್ಚು ಒದಗಿದ್ದು ಅಲಬಾಮಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಕ್ರಿಸ್ಟೊಫರ್ ಲಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ. ಬೆಂಕಿಯ ವಿಡಿಯೊವನ್ನು ಶಬ್ದದೊಂದಿಗೆ ನೋಡಿದವರ ರಕ್ತದೊತ್ತಡ ಇಳಿಯಿತು, ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಇಳಿಯಿತು. ಶಬ್ದ ತೆಗೆದ ಬೆಂಕಿಗೆ ಆ ಗುಣ ಇರಲಿಲ್ಲ. ಅಂದರೆ ಕಣ್ಣಿನಷ್ಟೇ ಕಿವಿಯೂ ಬೆಂಕಿ ಕಾಯಿಸುತ್ತದೆ.

ಊರಲ್ಲಿ ಒಂದು ಮಳೆಗಾಲವಿಡೀ ಸಿಕ್ಕಾಗೆಲ್ಲ ರೆಕಾರ್ಡ್ ಮಾಡಿದೆ. ಹಂಚಿನ ಮೇಲಿನ ಮಳೆ, ಕೊಟ್ಟಿಗೆಯ ತಗಡಿನ ಮೇಲಿನ ಮಳೆ, ಅಂಗಳದ ತಾಡಪಾಲಿನ ಮೇಲಿನದು, ಹಂಚಿನ ಅಂಚಿನಿಂದ ಬಾನಿಗೆ ಬೀಳುವ ಧಾರೆ, ಮಳೆ ನಿಂತ ಮೇಲೂ ಅಡಿಕೆ ತೋಟದಿಂದ ಅರ್ಧ ಗಂಟೆ ತೊಟ್ಟಿಕ್ಕುವ ಹನಿ. ಇವನ್ನು ಆಟದಲ್ಲಿ ಸುತ್ತಿ ಸುತ್ತಿ ನುಡಿಸಬೇಕು. ಒಂದೇ ತುಂಡು ಮತ್ತೆ ಮತ್ತೆ ಬಂದರೆ ಕಿವಿ ಅದನ್ನು ಹಿಡಿದುಬಿಡುತ್ತದೆ, ಹಿಡಿದ ಮೇಲೆ ಅದು ಮಳೆಯಾಗಿ ಉಳಿಯುವುದಿಲ್ಲ. ಅದಕ್ಕೆ ಪದರಗಳನ್ನು 37, 53, 71 ಸೆಕೆಂಡುಗಳ ಉದ್ದಕ್ಕೆ ಕತ್ತರಿಸಿದೆ. ಮೂರೂ ಅವಿಭಾಜ್ಯ ಸಂಖ್ಯೆಗಳು. ಹೊರಟ ಹಾಗೇ ಮೂರೂ ಮತ್ತೆ ಒಂದೇ ಕ್ಷಣಕ್ಕೆ ಸೇರಬೇಕಾದರೆ 38 ಗಂಟೆಗೂ ಮೇಲೆ ಬೇಕು. ಸಂಗೀತ ಬೇಡವೆಂದೇ ಬಿಟ್ಟೆ. ಜ್ಯೂರಿಯಲ್ಲಿ ಒಬ್ಬ ಮೇಷ್ಟ್ರು ಒಂದು ಕೊಳಲು ಇರಲಿ ಎಂದರು. ಮಳೆ ನುಡಿಯುತ್ತಿರುವಾಗ ಅದರ ಮೇಲೆ ಇನ್ನೇನನ್ನೂ ಇಡಲು ನನಗೆ ಮನಸ್ಸಾಗಲಿಲ್ಲ.

ಆಟದಲ್ಲಿ ಮಾತು ಕಡಿಮೆ. ಇರುವಷ್ಟೂ ನಮ್ಮ ಮನೆಮಾತಿನಲ್ಲೇ ಇದೆ. ಜೋರಾಗಿ ಊದಿ ಬೂದಿ ಎಬ್ಬಿಸಿದರೆ ಅಜ್ಜಿ ಹಿಂದಿನಿಂದ "ಊದಡ ತಂಗಿ. ತಡಿ, ಅದೇ ಹತ್ಗತ್ತು" ಎನ್ನುತ್ತಾಳೆ, ಊದಬೇಡ, ತಾನಾಗೇ ಹತ್ತಿಕೊಳ್ಳುತ್ತದೆ ಎಂದು. ಇಂಥ ಸಾಲನ್ನು ಪರದೆಯ ಮೇಲೆ ತರುವುದು ಸುಲಭವಲ್ಲ. ಹಳೆಯ ಗೊಡೊ 3ರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು, ಅರ್ಧಾಕ್ಷರಗಳು ಸಾಲಾಗಿ ಬಿದ್ದಿರುತ್ತಿದ್ದವು. 2023ರ ಮಾರ್ಚ್‌ನಲ್ಲಿ ಗೊಡೊ 4 ಬಂದಾಗ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಸೇರಿತು, ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂತವು. ಆದರೂ ಸಣ್ಣ ಗಾತ್ರದ ಸಮಸ್ಯೆ ಉಳಿಯಿತು. ಇಂಗ್ಲಿಷಿನ ಅಕ್ಷರ 8 ಪಿಕ್ಸೆಲ್ ಎತ್ತರದಲ್ಲಿ ಆರಾಮಾಗಿ ನಿಲ್ಲುತ್ತದೆ. ನಮ್ಮದಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಕೆಳಗೊಂದು ಒತ್ತು. ಎತ್ತರ ಇಮ್ಮಡಿ ಬೇಕು. ಆಟದ ಮಾತೆಲ್ಲವನ್ನೂ ಕೊನೆಗೆ ಇದ್ದಿಲಿನಲ್ಲಿ ಕೈಯಾರೆ ಬರೆದು ಚಿತ್ರವಾಗಿಯೇ ಹಾಕಿದೆ. ಅಕ್ಷರಗಳು ಗೋಡೆಯ ಮಸಿಯಲ್ಲಿ ಬೆರಳಾಡಿಸಿ ಬರೆದಂತೆ ಮೂಡಿ ಮಾಯವಾಗುತ್ತವೆ. ಇಂಗ್ಲಿಷ್ ಅನುವಾದ ಇಟ್ಟಿಲ್ಲ. ಕನ್ನಡ ಬಾರದವರೂ ಆಡಿದ್ದಾರೆ. ಅಜ್ಜಿಯ ದನಿ ಕೇಳಿದರೆ ಸಾಕಾಗುತ್ತದೆ.

ಊದುವುದಕ್ಕೆ ಬಟನ್ ಇರಬಾರದು, ನಿಜವಾಗಿ ಊದಬೇಕು ಎಂಬುದು ನನ್ನ ಆಸೆ. ಊದುಗೊಳವೆಯ ತುದಿಗೆ ಮೈಕ್ ಇಟ್ಟು ನೋಡಿದೆ. ಗಾಳಿ ಮೈಕಿಗೆ ಬಡಿದಾಗ ಕೆಳಸ್ತರದ ಕಂಪನಗಳು ದಟ್ಟವಾಗಿ ಬರುತ್ತವೆ, ಮಾತಿನಲ್ಲಿ ಅಷ್ಟು ಬರುವುದಿಲ್ಲ. ಆ ಭಾಗವನ್ನು ಮಾತ್ರ ಅಳೆದರೆ ಸುತ್ತ ಎಷ್ಟೇ ಗದ್ದಲವಿದ್ದರೂ ಊದಿದ್ದು ಗೊತ್ತಾಗುತ್ತದೆ. ಕೆಲಸ ಮಾಡಿತು. ಆದರೆ ಪ್ರದರ್ಶನದಲ್ಲಿ ಹತ್ತಾರು ಜನ ಒಂದೇ ಕೊಳವೆಗೆ ಬಾಯಿಡುವುದು ಆಗದ ಮಾತು. ಪರಿಹಾರ ಮನೆಯ ಮೂಲೆಯಲ್ಲಿತ್ತು: ಅಡಿಕೆ ಹಾಳೆಯ ಬೀಸಣಿಗೆ. ಮೈಕಿನ ಸ್ಪಂಜು ತೆಗೆದು ಮಣ್ಣಿನ ಒಂದು ಗೂಡಿನಲ್ಲಿ ಇಟ್ಟೆ. ಬೀಸಿದರೆ ಗಾಳಿ ಮೈಕಿಗೆ ತಾಗಿ ಪರದೆಯ ಬೆಂಕಿ ಏಳುತ್ತದೆ. ಮೆಲ್ಲಗೆ ಒಂದೇ ಹದದಲ್ಲಿ ಬೀಸಿದವರಿಗೆ ಕೆಂಡ ಕೆಂಪಾಗುತ್ತ ಬಂದು ಜ್ವಾಲೆ ಹತ್ತುತ್ತದೆ, ಅವಸರದಲ್ಲಿ ಬಡಿದವರಿಗೆ ಬೂದಿ.

ಪ್ರದರ್ಶನಕ್ಕೆ ಕೊಟ್ಟ ಕೋಣೆ ಚಿಕ್ಕದು. ಪರದೆಯನ್ನು ನೆಲಮಟ್ಟದಲ್ಲಿ ಇಟ್ಟು ಮುಂದೆ ಮಣೆ ಹಾಕಿದೆ. ನಿಂತು ಆಡಲು ಆಗಬಾರದು, ಕುಕ್ಕರಗಾಲಲ್ಲೋ ಚಕ್ಕಳಮಕ್ಕಳ ಹಾಕಿಯೋ ಕೂರಲೇಬೇಕು. ಕೋಣೆಯೊಳಗೆ ಬೆಂಕಿ, ಹೊಗೆ ಯಾವುದಕ್ಕೂ ಅನುಮತಿ ಇರಲಿಲ್ಲ. ಮನೆಯಿಂದ ಹಳೆಯ ಕಂಬಳಿ ತಂದು ಗೋಡೆಗೆ ನೇತುಹಾಕಿದೆ. ಎಷ್ಟೋ ಮಳೆಗಾಲ ಒಲೆಯ ಮೇಲೆ ಒಣಗಿದ ಕಂಬಳಿ ಅದು. ಬಾಗಿಲು ಹಾಕಿದರೆ ಕೋಣೆ ತುಂಬ ಅದರದೇ ವಾಸನೆ. ಕೆಲವರು ಪರದೆ ನೋಡುವುದಕ್ಕೂ ಮುಂಚೆ ಅದರ ಹತ್ತಿರ ಹೋಗಿ ನಿಂತರು.

ಪ್ರದರ್ಶನಕ್ಕೆಂದೇ ಒಂದು ಬದಲಾವಣೆ ಮಾಡಿದ್ದೆ. ಆಟ ಪ್ರತಿಯೊಬ್ಬರಿಗೂ ಹೊಸದಾಗಿ ಶುರುವಾಗುವುದಿಲ್ಲ. ಒಬ್ಬರು ಒರಗಿಸಿಟ್ಟ ಸೌದೆ ಮುಂದೆ ಬಂದು ಕೂತವರಿಗೆ ಒಣಗಿ ಸಿಗುತ್ತದೆ. ಇಡದೆ ಹೋದರೆ ಅವರಿಗೆ ಹಸಿಯದ್ದೇ ಗತಿ. ಇದನ್ನು ಎಲ್ಲೂ ಬರೆದು ಹಾಕಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಮೊದಲ ದಿನ ಮಧ್ಯಾಹ್ನದವರೆಗೆ ಬಂದವರೆಲ್ಲ ಹೊಗೆಯಲ್ಲೇ ಆಡಿದರು. ಆಮೇಲೆ ಒಬ್ಬರು, ಸುಮಾರು ಐವತ್ತರ ಹೆಂಗಸು, ಬಹುಶಃ ಯಾರದೋ ತಾಯಿ, ತಮ್ಮ ಸಂಜೆ ಮುಗಿದರೂ ಏಳಲಿಲ್ಲ. ಉಳಿದ ಕುಂಟೆಗಳನ್ನು ಒಂದೊಂದೇ ಎಳೆದು ದಂಡೆಗೆ ಒರಗಿಸಿದರು, ಹಾಳೆಯನ್ನು ಬೇರೆ ಇಟ್ಟರು, ಮೂರು ಗರಟ ಮುಂದಕ್ಕೆ ಸರಿಸಿಟ್ಟರು, ಆಮೇಲೆ ಎದ್ದರು. ಅವರ ನಂತರ ಕೂತದ್ದು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ. ಅವನಿಗೆ ಬೆಂಕಿ ತಕ್ಷಣ ಹತ್ತಿತು. "ಇದನ್ನ ಮುಂಚೆನೇ ಯಾರೋ ಇಟ್ಟಿದಾರಲ್ಲ, ಯಾರು?" ಎಂದು ನನ್ನ ಕಡೆ ತಿರುಗಿ ಕೇಳಿದ. ಆಗಷ್ಟೇ ಹೊರಗೆ ಹೋದರು ಎಂದೆ. ಎದ್ದು ಬಾಗಿಲವರೆಗೆ ಹೋಗಿ ನೋಡಿ ಬಂದ. ತಿರುಗಿ ಕೂತು, ತಾನು ಹೊರಡುವ ಮುಂಚೆ ದಂಡೆಯ ತುಂಬ ಸೌದೆ ಒಟ್ಟಿದ. ಅಲ್ಲಿಂದ ಮುಂದೆ ದಂಡೆ ಖಾಲಿಯಾದದ್ದು ನನಗೆ ಕಾಣಲಿಲ್ಲ. ನನ್ನ ಬಾಕಿ ಕೆಲಸವೆಲ್ಲ ಏನೇ ಇರಲಿ, ಅಪರಿಚಿತರು ಅಪರಿಚಿತರಿಗೆ ಒಣ ಕಟ್ಟಿಗೆ ಇಟ್ಟು ಹೋದ ಆ ಕೆಲವು ದಿನಗಳೇ ಈ ಪ್ರಾಜೆಕ್ಟಿನ ಕಲೆ ಎಂದು ನಾನು ನಂಬಿದ್ದೇನೆ. ನನಗೆ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಆ ಬಚ್ಚಲು ಯಾಕೆ ಬೇಕಾಗುತ್ತಿತ್ತು ಎಂಬುದೂ ಅಲ್ಲೇ ತಿಳಿಯಿತು. ಬೆಂಕಿ ಮಾತ್ರವಲ್ಲ, ನಾನು ಬರುತ್ತೇನೆಂದು ಯಾರೋ ಮೊದಲೇ ಕಟ್ಟಿಗೆ ಒಣಗಿಸಿ ಇಟ್ಟಿರುತ್ತಿದ್ದರು.

ಈಗ ಫೋನಿಗೆ ಹೊಂದಿಸುತ್ತಿದ್ದೇನೆ. ಅಲ್ಲಿ ಒಂದೇ ಫೋನಿನಲ್ಲಿ ಆಡುವ ಮನೆಯವರ ನಡುವೆ ಸೌದೆ ಸಾಗುತ್ತದೆ. ಇಂಟರ್ನೆಟ್ ಮೂಲಕ ಊರೂರಿಗೆ ಸಾಗಿಸಬಹುದು, ಆದರೆ ಅದಕ್ಕೆ ಲಾಗಿನ್, ಸರ್ವರ್, ಯಾರು ಎಷ್ಟು ಇಟ್ಟರು ಎಂಬ ಲೆಕ್ಕ ಎಲ್ಲ ಶುರುವಾಗುತ್ತದೆ. ಸದ್ಯ ಬೇಡ ಅನಿಸಿದೆ.

ಉಳಿದಿರುವುದು ಸ್ವಾತಿ ಮಳೆಯ ಅಧ್ಯಾಯ. ಆಟ ಮುಗಿಯುವುದು ದೀಪಾವಳಿಯ ಹಿಂದಿನ ನೀರು ತುಂಬುವ ಹಬ್ಬದಲ್ಲಿ. ಅವತ್ತು ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಶೇಡಿ ಎಂಬ ಬಿಳಿ ಮಣ್ಣು, ಕೆಮ್ಮಣ್ಣಿನ ಗೆರೆ ಬರೆಯಬೇಕು, ಕತ್ತಿಗೆ ಹಿಂಡಲಕಾಯಿ ಬಳ್ಳಿ ಸುತ್ತಬೇಕು, ಬಾವಿಯಿಂದ ಹೊಸ ನೀರು ಸೇದಿ ತುಂಬಬೇಕು. ಚಿತ್ರಗಳೆಲ್ಲ ಸಿದ್ಧ, ರಾಟೆಯ ಶಬ್ದ ಮಾತ್ರ ಇಲ್ಲ. ನಮ್ಮ ಬಾವಿಗೆ ಪಂಪು ಕೂತು ವರ್ಷಗಳಾದವು. ಸಿದ್ದಾಪುರದ ಕಡೆಯ ನೆಂಟರ ಮನೆಯಲ್ಲಿ ಇನ್ನೂ ಮರದ ರಾಟೆ ಇದೆ. ಹಬ್ಬಕ್ಕೆ ಅಲ್ಲಿಗೆ ಹೋಗುವುದಿದೆ. ನನ್ನ ಮೈಕಿಗಾಗಿ ಯಾರೂ ಮೆಲ್ಲಗೆ ಸೇದಬಾರದು, ದಿನಾ ಸೇದುವ ಹಾಗೇ ಸೇದಬೇಕು ಎಂದು ದೊಡ್ಡಮ್ಮನಿಗೆ ಈಗಾಗಲೇ ಫೋನ್ ಮಾಡಿ ಹೇಳಿದ್ದೇನೆ.